ಹೆಡ್‌ಫೋನ್ ಹಾಕಿದರೂ ಕೆಳಮನೆಗೆ ಕೇಳಿಸುವ ಕೀಬೋರ್ಡ್: ಎರಡೂವರೆ ವರ್ಷದ ಬಳಕೆಯ ನಂತರ

ನನ್ನ ಧ್ವನಿಮುದ್ರಣಕ್ಕೂ ಮಗಳ ಪಿಯಾನೊ ಅಭ್ಯಾಸಕ್ಕೂ ಒಂದೇ ವಾದ್ಯ ಆಗಲೆಂದು ಪಿಯಾನೊದಂತೆ ಒತ್ತಲು ಭಾರವೆನಿಸುವ 88 ‘ತೂಕದ ಕೀ’ಗಳಿರುವ ಮಿಡಿ ಕಂಟ್ರೋಲರ್, ಅಂದರೆ ಸ್ವಂತ ದನಿಯಿಲ್ಲದೆ ಕಂಪ್ಯೂಟರಿನ ಮೂಲಕ ನುಡಿಯುವ ಕೀಬೋರ್ಡ್, ಕೊಂಡು ಎರಡೂವರೆ ವರ್ಷವಾಯಿತು. ಕೀಗಳು ಚೆನ್ನಾಗಿವೆ, ಆ ಮಾತನ್ನು ಎಲ್ಲರೂ ಬರೆಯುತ್ತಾರೆ. ಕೊಳ್ಳುವ ಮೊದಲು ನನಗೆ ಯಾರೂ ಹೇಳದೇ ಇದ್ದದ್ದು ಅದರ ಗುದ್ದಿನ ಬಗ್ಗೆ. ಮಾದರಿಯ ಹೆಸರು ಬರೆಯುತ್ತಿಲ್ಲ, ಏಕೆಂದರೆ ಕೀಗಳಿಗೆ ಆ ತೂಕ ಕೊಡಲು ಒಳಗೆ ಸುತ್ತಿಗೆಯಿರುವ ಕೀಬೋರ್ಡ್‌ಗಳಲ್ಲಿ ಈ ತೊಂದರೆ ಹೆಚ್ಚೂಕಡಿಮೆ ಇದ್ದೇ ಇರುತ್ತದೆ.

ನಾವು ಮೈಸೂರಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಕೆಳಗೆ ಮನೆಯ ಒಡತಿ ಅಜ್ಜಿ ಇದ್ದಾರೆ. ರಾತ್ರಿ ಹೆಡ್‌ಫೋನ್ ಹಾಕಿಕೊಂಡರೆ ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯದಿಂದಲೇ 45,000 ರೂಪಾಯಿ ಕೊಟ್ಟಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದ ಅಜ್ಜಿ ತಲೆಯೆತ್ತಿ ಕೇಳಿದರು: “ರಾತ್ರಿ ಹೊತ್ತಿನಲ್ಲಿ ಏನಮ್ಮಾ ಕುಟ್ಟುತ್ತಿರುತ್ತೀಯ? ಅವಲಕ್ಕಿಯೇ?”

ನಿಜ ತಿಳಿಯಬೇಕೆಂದು ಅಂದು ಸಂಜೆ ಮಗಳಿಗೆ ಹೆಡ್‌ಫೋನ್ ಹಾಕಿ ನುಡಿಸಲು ಹೇಳಿ, ನಾನು ಕೆಳಗೆ ಹೋಗಿ ಅಜ್ಜಿಯ ಮಂಚದ ಮೇಲೆ ಮಲಗಿದೆ. ಒಂದು ಸ್ವರವೂ ಇಲ್ಲ, ಬರೀ ಧಬ್ ಧಬ್. ಕೀ ತಳ ಮುಟ್ಟಿದಾಗಲೆಲ್ಲ ಆ ಪೆಟ್ಟು ಸ್ಟ್ಯಾಂಡಿನ ಕಾಲುಗಳಿಂದ ನೆಲಕ್ಕೆ, ನೆಲದಿಂದ ಕೆಳಗಿನ ಚಾವಣಿಗೆ ಇಳಿಯುತ್ತಿತ್ತು. ನಮ್ಮ ಕೋಣೆಯಲ್ಲಿ ಮೆಲ್ಲನೆಯ ಟಕಟಕ ಎನ್ನಿಸುವುದು ಕೆಳಗೆ ಗುದ್ದಾಗುತ್ತದೆ. ಮೊದಲಿದ್ದ 61 ಕೀಗಳ ಹಗುರ ಕೀಬೋರ್ಡಿನಲ್ಲಿ ಈ ಕಾಟವೇ ಇರಲಿಲ್ಲ. ಆ ವಾರವೆಲ್ಲ ಇದನ್ನು ಹಿಂದಿರುಗಿಸುವ ಯೋಚನೆಯಲ್ಲೇ ಇದ್ದೆ.

ಹಿಂದಿರುಗಿಸದಿರಲು ಕಾರಣ ಪಿಚ್ ಬೆಂಡ್ ಚಕ್ರ, ಅಂದರೆ ನುಡಿಯುತ್ತಿರುವ ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಚಕ್ರ. ಇದೇ ಬೆಲೆಗೆ ಸ್ವಂತ ಸ್ಪೀಕರ್ ಇರುವ ಡಿಜಿಟಲ್ ಪಿಯಾನೊ ಸಿಗುತ್ತದೆ. ಯುಎಸ್‌ಬಿ ತಂತಿ ಹಾಕಿದರೆ ಅದೂ ಕಂಪ್ಯೂಟರಿನೊಡನೆ ಮಾತಾಡುತ್ತದೆ. ಆದರೆ ಈ ಬೆಲೆಯಲ್ಲಿ ನಾನು ನೋಡಿದವುಗಳಲ್ಲಿ ಆ ಚಕ್ರ ಇರಲಿಲ್ಲ. ನಾನು ಮುದ್ರಿಸುವುದು ಭಾವಗೀತೆಗಳಿಗೆ ಕೊಳಲು, ಪಿಟೀಲಿನ ಎಳೆಗಳನ್ನು. ತೋಡಿ ರಾಗದ ಗಾಂಧಾರವನ್ನು ಕಂಪಿಸದೆ ನೆಟ್ಟಗೆ ನಿಲ್ಲಿಸಿದರೆ ಅದು ತೋಡಿಯೇ ಅಲ್ಲ. ಎಡಗೈ ಚಕ್ರದ ಮೇಲಿದ್ದರೆ ಗಮಕದ ಹತ್ತಿರಕ್ಕಾದರೂ ಹೋಗಬಹುದು. ತೂಕದ ಕೀಗಳು ಬಂದ ಮೇಲೆ ದನಿಯ ಜೋರು-ಮೆಲುವಿನ ಏರಿಳಿತವೂ ಸುಧಾರಿಸಿದೆ. ಕೀಬೋರ್ಡ್ ಕಂಪ್ಯೂಟರಿಗೆ ಸ್ವರಗಳನ್ನು ತಿಳಿಸುವ ಮಿಡಿ ಭಾಷೆಯಲ್ಲಿ ಪೆಟ್ಟಿನ ಬಲ 1ರಿಂದ 127ರವರೆಗೆ ದಾಖಲಾಗುತ್ತದೆ. ಹಳೆಯದರಲ್ಲಿ ನನ್ನ ಸ್ವರಗಳೆಲ್ಲ 100ರ ಆಸುಪಾಸಿನಲ್ಲಿ ಗುಂಪುಗೂಡುತ್ತಿದ್ದವು. ಈಗ 40ಕ್ಕೂ ಇಳಿಯುತ್ತವೆ.

ಗುದ್ದಿಗೆ ಮದ್ದು ಹುಡುಕಲು ಎರಡು ತಿಂಗಳು ಹಿಡಿಯಿತು. ದಪ್ಪ ಜಮಖಾನ ಹಾಸಿದೆ, ಪ್ರಯೋಜನವಾಗಲಿಲ್ಲ. ಬರೀ ಫೋಮ್ ಇಟ್ಟರೆ ಸ್ಟ್ಯಾಂಡ್ ಓಲಾಡಿತು. ಕೊನೆಗೆ ಕೆಳಗೆ ಫೋಮ್, ಅದರ ಮೇಲೆ ಭಾರ ಹಂಚಿಕೊಳ್ಳಲು ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ವಾಷಿಂಗ್ ಮೆಷಿನ್ ಕಾಲಿಗೆ ಇಡುವ ರಬ್ಬರ್ ಬಿಲ್ಲೆಗಳು, ಆಮೇಲೆ ಸ್ಟ್ಯಾಂಡ್. ಅಡ್ಡಕತ್ತರಿಯಂಥ ಸ್ಟ್ಯಾಂಡನ್ನು ತೆಗೆದು ನಾಲ್ಕು ಕಾಲಿನದನ್ನು ತಂದೆ. ಎಲ್ಲ ಸೇರಿ ಮತ್ತೆ 5,000 ರೂಪಾಯಿ. ಗುದ್ದು ಪೂರ್ತಿ ಹೋಗಿಲ್ಲ, ಆದರೆ ಕೆಳಗೆ ಫ್ಯಾನ್ ತಿರುಗುತ್ತಿದ್ದರೆ ಕೇಳಿಸುವುದಿಲ್ಲ. ರಾತ್ರಿ ಒಂಬತ್ತರ ನಂತರ ನಾವು ನುಡಿಸುವುದೂ ಇಲ್ಲ.

ಹಾಗಾಗಿ ಅಭ್ಯಾಸ ಬೆಳಗಿನ ಆರಕ್ಕೆ ಬಂತು. ಧೂಳಿಗೆಂದು ಹೊದಿಸಿದ ಅಮ್ಮನ ಹಳೆಯ ಹತ್ತಿ ಸೀರೆಯನ್ನು ಮಗಳು ನಾಲ್ಕಾಗಿ ಮಡಚಿ ಕುರ್ಚಿಯ ಬೆನ್ನಿಗೆ ಹಾಕುತ್ತಾಳೆ. ಕಂಟ್ರೋಲರಿಗೆ ಸ್ವಂತ ದನಿಯಿಲ್ಲವಲ್ಲ, ಲ್ಯಾಪ್‌ಟಾಪ್ ಎದ್ದು ಪಿಯಾನೊ ತಂತ್ರಾಂಶ ತೆರೆದುಕೊಳ್ಳುವವರೆಗೆ ಅವಳು ಸದ್ದಿಲ್ಲದ ಕೀಗಳ ಮೇಲೆ ಸ್ವರಶ್ರೇಣಿ ಓಡಿಸುತ್ತಾಳೆ. ಅಷ್ಟರಲ್ಲಿ ನನ್ನ ಕಾಫಿ ಸೋಸಿ ಆಗುತ್ತದೆ. ಲೋಟ ಮಾತ್ರ ಕಿಟಕಿಯ ಕಟ್ಟೆಯ ಮೇಲೆಯೇ ಇರಬೇಕು.

ಆ ಸದ್ದಿಲ್ಲದ ಎರಡು ನಿಮಿಷಗಳು ಈಗ ನನಗೆ ಬಹಳ ಪ್ರಿಯ. ಅಜ್ಜಿಯ ಮಂಚದ ಮೇಲೆ ಮಲಗಿದ್ದ ದಿನ ಸ್ವರಗಳಿಲ್ಲದೆ ಬರೀ ಪೆಟ್ಟು ಕೇಳಿದಾಗ ಮಗಳ ಎಡಗೈ ಲಯ ಮೀರಿ ಓಡುತ್ತಿರುವುದು ಸ್ಪಷ್ಟವಾಗಿ ತಿಳಿದಿತ್ತು. ಇಂಪಾದ ಪಿಯಾನೊ ದನಿ ಅದನ್ನು ನನ್ನ ಕಿವಿಯಿಂದ ಮುಚ್ಚಿಟ್ಟಿತ್ತು. ಅವಳ ಗುರುಗಳು ತಿಂಗಳುಗಟ್ಟಲೆ ಹೇಳುತ್ತಿದ್ದದ್ದೂ ಅದನ್ನೇ. ಈಗ ವಾರಕ್ಕೊಮ್ಮೆ ಹೊಸ ಪಾಠವನ್ನು ದನಿ ನಿಲ್ಲಿಸಿ ನುಡಿಸುತ್ತಾಳೆ, ನಾನು ಕಣ್ಣುಮುಚ್ಚಿ ಕೇಳುತ್ತೇನೆ.

ಮನೆಯಲ್ಲಿ ಅಭ್ಯಾಸವಷ್ಟೇ ಆಗಬೇಕೆನ್ನುವವರು ಡಿಜಿಟಲ್ ಪಿಯಾನೊ ಕೊಳ್ಳಿ. ದಿನಾ ಲ್ಯಾಪ್‌ಟಾಪ್ ತೆರೆಯಲು ಮಕ್ಕಳಿಗೆ ಬೇಸರವಾಗುತ್ತದೆ. ಮುದ್ರಣವೂ ಬೇಕು, ಗಮಕವೂ ಬೇಕು ಎಂದರೆ ಇದನ್ನೇ ಆರಿಸಿಕೊಳ್ಳಿ. ಯಾವುದಾದರೂ ಸರಿ, ಅಂಗಡಿಯಲ್ಲಿ ದನಿ ಪೂರ್ತಿ ಇಳಿಸಿ ಎರಡೂ ಕೈಯಿಂದ ಜೋರಾಗಿ ನುಡಿಸಿ, ಜೊತೆಗೆ ಬಂದವರಿಗೆ ಸ್ಟ್ಯಾಂಡಿನ ಕಾಲಿನ ಮೇಲೆ ಅಂಗೈ ಇಡಲು ಹೇಳಿ.