ಆ್ಯಪ್, ದ್ವಾರಕಾ, ಜಾಲಹಳ್ಳಿ ಸರ್: ಪೈಲಟ್ ಥಿಯರಿಗೆ ಮೂರೂ ಕಡೆ ಕೂತು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಾಲಹಳ್ಳಿ ಸರ್‌ಗೆ. ಅವರು ವಾಯುಪಡೆಯಲ್ಲಿ ನ್ಯಾವಿಗೇಟರ್ ಆಗಿದ್ದು ನಿವೃತ್ತರಾದವರು, ಧಾರವಾಡ ಕಡೆಯವರು. ಶನಿವಾರ, ಭಾನುವಾರ ಅವರ ಮನೆಯ ಊಟದ ಟೇಬಲ್ಲೇ ಕ್ಲಾಸ್‌ರೂಮು. ನಾವು ನಾಲ್ಕು ಜನ, ಒಂದು ಹಳೇ ಗ್ಲೋಬು, ಹನ್ನೊಂದು ಗಂಟೆಗೆ ಚಹಾ. ಇವರು ಸಿಗುವ ಮೊದಲು ನಾನು 38 ಸಾವಿರ ರೂಪಾಯಿ ಕೊಟ್ಟು ಆ್ಯಪ್‌ನಲ್ಲಿ ರೆಕಾರ್ಡೆಡ್ ಕೋರ್ಸ್ ಕೊಂಡಿದ್ದೆ. ಆ ಹೊಟ್ಟೆ ಉರಿಗೇ ಇದನ್ನು ಬರೆಯುತ್ತಿದ್ದೇನೆ.

ನಾನು ನೈಟ್ ಶಿಫ್ಟ್ ಕೆಲಸದವನು. ಯಲಹಂಕದಲ್ಲಿ ಪಿಜಿ. ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು, ಅದಕ್ಕೆ ನನಗೆ ಹೇಳಿದ ರೇಟು ಅರ್ಧ ಕೋಟಿ ಹತ್ತಿರ. ಅಷ್ಟು ದುಡ್ಡು ಹೊಂದಿಸುವುದರೊಳಗೆ ಥಿಯರಿ ಪೇಪರ್‌ಗಳನ್ನಾದರೂ ಮುಗಿಸೋಣ ಅಂದುಕೊಂಡೆ. ನ್ಯಾವಿಗೇಷನ್, ಮೆಟಿಯೊರಾಲಜಿ (ಮೆಟ್, ಅಂದರೆ ಹವಾಮಾನ), ರೆಗ್ಯುಲೇಷನ್ಸ್, ಟೆಕ್ನಿಕಲ್ ಜನರಲ್, ಟೆಕ್ನಿಕಲ್ ಸ್ಪೆಸಿಫಿಕ್. ಪಾಸಾಗಲು ನೂರಕ್ಕೆ 70 ಬೇಕು. ನಾನು ಓದಿದಾಗಿನ ಪಿಯುಸಿಯಂತೆ 35ಕ್ಕೆ ದಾಟಿಬಿಡೋಣ ಅನ್ನುವ ಹಾಗಿಲ್ಲ.

ಆ್ಯಪ್ ಪೂರ್ತಿ ದಂಡ ಅನ್ನಲಾರೆ. ರೆಗ್ಯುಲೇಷನ್ಸ್‌ಗೆ ಅದು ಸಾಕು. ಯಾರಿಗೆ ಯಾರು ದಾರಿ ಬಿಡಬೇಕು, ರೇಡಿಯೊ ಕೆಟ್ಟರೆ ರಾಡಾರ್‌ಗೆ ಕಳಿಸುವ ಕೋಡ್ 7600, ವಿಮಾನ ಅಪಹರಣವಾದರೆ 7500, ಬೇರೆ ತುರ್ತಿಗೆ 7700. ಇವೆಲ್ಲ ಬಾಯಿಪಾಠ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿದೆ, 82 ಬಂತು.

ತೊಂದರೆ ಶುರುವಾಗಿದ್ದು ನ್ಯಾವಿಗೇಷನ್‌ನಲ್ಲಿ. ಅದರಲ್ಲೂ ಸಿಆರ್‌ಪಿ-5 ಅನ್ನುವ ಸಾಮಾನಿನಲ್ಲಿ.

ಅದಕ್ಕೆ ಕಂಪ್ಯೂಟರ್ ಅಂತ ಹೆಸರು. ಬ್ಯಾಟರಿ ಇಲ್ಲ, ಸ್ಕ್ರೀನ್ ಇಲ್ಲ. ತಿರುಗುವ ಒಂದು ಪ್ಲಾಸ್ಟಿಕ್ ಬಿಲ್ಲೆ, ಅದರ ಹಿಂದೆ ಮೇಲೆ ಕೆಳಗೆ ಜಾರುವ ಒಂದು ಪಟ್ಟಿ. ಗಾಳಿ ಎಲ್ಲಿಂದ ಎಷ್ಟು ಜೋರಾಗಿ ಬೀಸುತ್ತಿದೆ ಅಂತ ಪೆನ್ಸಿಲ್‌ನಲ್ಲಿ ಚುಕ್ಕಿ ಇಟ್ಟು ತಿರುಗಿಸಿದರೆ, ವಿಮಾನದ ಮೂತಿ ಎತ್ತ ಇರಬೇಕು, ನೆಲದ ಮೇಲಿನ ವೇಗ ಎಷ್ಟು ಅಂತ ಸಿಗುತ್ತದೆ. ಕೈಯಲ್ಲಿ ಹಿಡಿದು ಕಲಿಯಬೇಕಾದ ವಿದ್ಯೆ ಇದು. ವಿಡಿಯೊದಲ್ಲಿ ಪಾಠ ಮಾಡುವವರ ಹೆಬ್ಬೆರಳು ಸರಿಯಾಗಿ ಸ್ಕೇಲ್ ಮೇಲೇ ಕೂತಿತ್ತು. "ಈಗ ಇಲ್ಲಿ ನೋಡಿ" ಅಂತಾರೆ. ಎಲ್ಲಿ ನೋಡೋದು? ಬೆರಳನ್ನಾ?

ಅದೂ ಹೋಗಲಿ. ಚುಕ್ಕಿ ಇಡುವುದಕ್ಕೆ ಎರಡು ಪದ್ಧತಿ ಇವೆ. ಒಂದರಲ್ಲಿ ನಡುಬಿಂದುವಿನಿಂದ ಮೇಲಕ್ಕೆ ಇಟ್ಟು, ಟ್ರ್ಯಾಕನ್ನು (ನೆಲದ ಮೇಲೆ ಹೋಗಬೇಕಾದ ದಿಕ್ಕು) ಮೇಲಿನ ಗುರುತಿಗೆ ತಂದು, ಚುಕ್ಕಿಯನ್ನು ವಿಮಾನದ ವೇಗದ (ಗಾಳಿಯಲ್ಲಿನ ವೇಗ) ಗೆರೆಗೆ ಕೂರಿಸಬೇಕು. ಆಗ ನಡುಬಿಂದುವಿನ ಕೆಳಗೆ ನೆಲದ ವೇಗ ಕಾಣುತ್ತದೆ. ಇನ್ನೊಂದರಲ್ಲಿ ಚುಕ್ಕಿ ಕೆಳಕ್ಕೆ. ನಡುಬಿಂದು ವಿಮಾನದ ವೇಗದ ಮೇಲಿರುತ್ತದೆ, ನೆಲದ ವೇಗವನ್ನು ಚುಕ್ಕಿಯ ಹತ್ತಿರ ಓದಬೇಕು. ಎರಡೂ ಸರಿಯೇ. ಆದರೆ ಬೆರೆಸಬಾರದು. ಕೋರ್ಸ್ ಜೊತೆ ಕೊಟ್ಟ ನೋಟ್ಸ್ ಒಂದು ಪದ್ಧತಿಯದು, ವಿಡಿಯೊ ಇನ್ನೊಂದರದು. ಹೀಗೆ ಎರಡಿವೆ ಅಂತ ಯಾರೂ ಒಂದು ಮಾತು ಹೇಳಲಿಲ್ಲ. ನಾನು ನೋಟ್ಸ್ ನೋಡಿ ಚುಕ್ಕಿ ಕೆಳಗಿಟ್ಟೆ, ವಿಡಿಯೊ ನೋಡಿ ತಿರುಗಿಸಿದೆ.

ಒಂದು ಲೆಕ್ಕ ಇನ್ನೂ ನೆನಪಿದೆ. ಟ್ರ್ಯಾಕ್ 090, ವಿಮಾನದ ವೇಗ 100 ನಾಟ್, ಗಾಳಿ 120 ಡಿಗ್ರಿಯಿಂದ 20 ನಾಟ್. ಸರಿ ಉತ್ತರ: ಮೂತಿ 096, ನೆಲದ ವೇಗ 82. ನನಗೆ ಬಂದಿದ್ದು ಮೂತಿ 084, ವೇಗ 117. ಬೇಜಾರಿನ ವಿಷಯ ಏನಂದರೆ ನಾಲ್ಕು ಆಯ್ಕೆಗಳಲ್ಲಿ ಆ 117 ಕೂಡ ಇತ್ತು. ಪ್ರಶ್ನೆ ಮಾಡಿದವರಿಗೆ ನನ್ನಂಥವರು ಚೆನ್ನಾಗಿ ಗೊತ್ತು ಅಂತ ಕಾಣುತ್ತದೆ. ಆರಾಮಾಗಿ ಟಿಕ್ ಹಾಕಿ ಮುಂದೆ ಹೋಗುತ್ತಿದ್ದೆ. ಆ್ಯಪ್‌ನ ಡೌಟ್ ಬಾಕ್ಸ್‌ನಲ್ಲಿ ಮೂರು ಸಲ ಕೇಳಿದೆ. ಒಂಬತ್ತು ದಿನದ ಮೇಲೆ ಉತ್ತರ ಬಂತು: "ವಿಡಿಯೊ 14 ಮತ್ತೊಮ್ಮೆ ನೋಡಿ." ಅದೇ ಹೆಬ್ಬೆರಳಿನ ವಿಡಿಯೊ.

ಪರೀಕ್ಷೆಯಲ್ಲಿ 61 ಬಂತು. ಫೇಲ್.

ದ್ವಾರಕಾಗೆ ಹೋಗಿದ್ದು ಆ ಸಿಟ್ಟಿನಲ್ಲಿ. ದೆಹಲಿಯ ದ್ವಾರಕಾ ಅಂದರೆ ಪೈಲಟ್ ಗ್ರೌಂಡ್ ಕ್ಲಾಸ್‌ಗಳ, ಅಂದರೆ ಥಿಯರಿ ಕೋಚಿಂಗಿನ ಊರು. ನಮ್ಮಲ್ಲಿ ಐಎಎಸ್ ಕೋಚಿಂಗ್‌ಗೆ ವಿಜಯನಗರ ಇದ್ದ ಹಾಗೆ. ಹದಿನೈದು ದಿನ ರಜೆ ಹಾಕಿ, ಪರಿಚಯದ ಹುಡುಗನ ರೂಮಿನಲ್ಲಿ ಉಳಿದು, ಒಂದು ಕಡೆ ಟ್ರಯಲ್‌ಗೆ ಕೂತೆ. ಪಾಠ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ದಿನಕ್ಕೆ ಆರು ಗಂಟೆ, ಸಂಜೆ ಹುಡುಗರೆಲ್ಲ ಟೀ ಅಂಗಡಿ ಮುಂದೆ ನಿಂತು ಪ್ರಶ್ನೆ ಬಿಡಿಸುತ್ತಾರೆ. ಆ ವಾತಾವರಣ ಬೆಂಗಳೂರಿನಲ್ಲಿ ನನಗೆ ಸಿಗಲಿಲ್ಲ. ಆದರೆ ಜೋಕು, ಉದಾಹರಣೆ, ಬೈಗುಳ ಎಲ್ಲ ಹಿಂದಿಯಲ್ಲಿ. ನನ್ನ ಹಿಂದಿ ಸಿನಿಮಾ ನೋಡುವ ಮಟ್ಟದ್ದು. ಫೀಸು, ರೂಮು, ಊಟ ಸೇರಿ ಮೂರು ತಿಂಗಳಿಗೆ ಎರಡೂವರೆ ಲಕ್ಷ ಲೆಕ್ಕ ಬಂತು, ಮೇಲೆ ಮೂರು ತಿಂಗಳ ಸಂಬಳ ಖೋತಾ. ಕೆಲಸ ಇಲ್ಲದವರು, ಮನೆಯಲ್ಲಿ ಅನುಕೂಲ ಇರುವವರು ಕಣ್ಣು ಮುಚ್ಚಿ ಹೋಗಬಹುದು. ನಾನು ವಾಪಸ್ ರೈಲು ಹತ್ತಿದೆ.

ಸರ್ ಸಿಕ್ಕಿದ್ದು ಸಹೋದ್ಯೋಗಿಯ ಅಣ್ಣನ ಮೂಲಕ. ಮೊದಲ ದಿನವೇ ಆ 117ರ ಲೆಕ್ಕ ತೋರಿಸಿದೆ. ಅವರು ಸಿಆರ್‌ಪಿ-5 ಮುಟ್ಟಲೇ ಇಲ್ಲ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದು ಬಾಣ ಬರೆದರು, ಅದರ ಎದುರಿಗೆ ಓರೆಯಾಗಿ ಇನ್ನೊಂದು. "ಗಾಳಿ ಎದುರಿಗೆ ಐತಿ ಅಂತೀ, ಮತ್ತ ಸ್ಪೀಡ್ ನೂರರ ಮ್ಯಾಲ ಹ್ಯಾಂಗ ಹೋತು ತಮ್ಮಾ?" ಅಷ್ಟೇ ಕೇಳಿದ್ದು. ನಾನು ಸುಮ್ನೆ ಕೂತೆ. ನಾಲ್ಕು ತಿಂಗಳು ನಾನು ಬಿಲ್ಲೆ ತಿರುಗಿಸಿದ್ದೆನೇ ಹೊರತು ಗಾಳಿ ಎತ್ತಲಿಂದ ಬರುತ್ತಿದೆ ಅಂತ ಒಮ್ಮೆಯೂ ಯೋಚನೆ ಮಾಡಿರಲಿಲ್ಲ.

ಅವತ್ತಿನಿಂದ ಅವರ ಟೇಬಲ್‌ನಲ್ಲಿ ಒಂದು ಕಟ್ಟಳೆ. ಮೊದಲು ಚಿತ್ರ, ಆಮೇಲೆ ಅಂದಾಜು ಉತ್ತರ ಬಾಯಲ್ಲಿ, ಕೊನೆಗೆ ಬಿಲ್ಲೆ. ಅಂದಾಜು ತಪ್ಪಿದರೆ ಬೈಯುವುದಿಲ್ಲ, ಅಂದಾಜು ಹೇಳದೆ ಬಿಲ್ಲೆ ಮುಟ್ಟಿದರೆ ಬೈಯುತ್ತಾರೆ. ಚುಕ್ಕಿ ಮೇಲೋ ಕೆಳಗೋ ಅಂತ ಕೇಳಿದ್ದಕ್ಕೆ, ನಿನ್ನ ಕೈಗೆ ಯಾವುದು ಸಲೀಸೋ ಅದು, ಇನ್ನೊಂದನ್ನು ಮರೆತುಬಿಡು ಅಂದರು. ನಾನು ಮೇಲಕ್ಕೆ ಇಡುವವನಾದೆ. ಎರಡನೇ ಸಲ ನ್ಯಾವಿಗೇಷನ್‌ನಲ್ಲಿ 84.

ಮೆಟ್ ಕೂಡ ಹೀಗೇ. ಆ್ಯಪ್‌ನ ಸ್ಲೈಡ್‌ಗಳಲ್ಲಿ ಯುರೋಪಿನ ವಾರ್ಮ್ ಫ್ರಂಟ್, ಕೋಲ್ಡ್ ಫ್ರಂಟ್‌ಗಳೇ ಜಾಸ್ತಿ. ನಮಗೆ ಮುಂಗಾರು ಬೇಕು, ಬಂಗಾಳದ ಕಡೆಯ ಬೇಸಿಗೆ ಗುಡುಗು-ಬಿರುಗಾಳಿ ಕಾಲಬೈಸಾಖಿ ಬೇಕು. ಸರ್ ಶುರು ಮಾಡುವುದೇ ಘಟ್ಟದಿಂದ. ಸಮುದ್ರದ ಗಾಳಿ ಬಂದು ಘಟ್ಟಕ್ಕೆ ಹೊಡೆದು ಮೇಲೆ ಏರುತ್ತದೆ, ತಣ್ಣಗಾಗುತ್ತದೆ, ಆಗುಂಬೆಯಲ್ಲಿ ಸುರಿದು ಹಗುರಾಗುತ್ತದೆ. ಈ ಕಡೆ ಇಳಿದಾಗ ನಮಗೆ ಬರೀ ಮೋಡ. ಚಿತ್ರದುರ್ಗದವನಾದ ನನಗೆ ಮಳೆ ನೆರಳಿನ ಪಾಠವನ್ನು ಯಾರೂ ಬೇರೆಯಾಗಿ ಹೇಳಬೇಕಿಲ್ಲ ಬಿಡಿ.

ಡೆನ್ಸಿಟಿ ಆಲ್ಟಿಟ್ಯೂಡ್‌ಗೆ (ಗಾಳಿ ತೆಳುವಾದಾಗ ವಿಮಾನಕ್ಕೆ ಅನ್ನಿಸುವ ಎತ್ತರ) ಅವರ ಉದಾಹರಣೆ ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡ್. ಬೆಂಗಳೂರು ಇರುವುದು ಸುಮಾರು 3000 ಅಡಿ ಎತ್ತರದಲ್ಲಿ. ಆ ಎತ್ತರಕ್ಕೆ ವಿಮಾನಯಾನದ ಸ್ಟ್ಯಾಂಡರ್ಡ್ ಲೆಕ್ಕದ ಪ್ರಕಾರ ತಾಪಮಾನ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 34 ಇದ್ದರೆ 25 ಡಿಗ್ರಿ ಹೆಚ್ಚು. ಒಂದೊಂದು ಡಿಗ್ರಿಗೆ 120 ಅಡಿ ಸೇರಿಸಿದರೆ ಇನ್ನೊಂದು 3000. ಅಂದರೆ ಜಕ್ಕೂರಿನ ನೆಲದ ಮೇಲೆ ನಿಂತ ವಿಮಾನಕ್ಕೆ ತಾನು 6000 ಅಡಿಯಲ್ಲಿದ್ದೇನೆ ಅನ್ನಿಸುತ್ತದೆ. ಅದಕ್ಕೇ ಓಟ ಉದ್ದ, ಏರುವುದು ನಿಧಾನ. ಇದನ್ನು ಕೇಳಿದ ಮೇಲೆ ಸೂತ್ರ ಬರೆದುಕೊಳ್ಳಲೇ ಇಲ್ಲ.

ಸರ್ ಹತ್ತಿರ ಕೊರತೆ ಇಲ್ಲವೇ? ಇದೆ. ಮದುವೆ ಸೀಸನ್ ಬಂದರೆ ಕ್ಲಾಸ್ ಇಲ್ಲ. ಟೆಕ್ನಿಕಲ್ ಹೇಳಿಕೊಡುವುದಿಲ್ಲ. ರೆಗ್ಯುಲೇಷನ್ಸ್‌ನಲ್ಲಿ ಅವರ ಬಾಯಿಗೆ ಈಗಲೂ ಬರುವುದು 1934ರ ಏರ್‌ಕ್ರಾಫ್ಟ್ ಆ್ಯಕ್ಟೇ. ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದು, 2025ರ ಜನವರಿ 1ರಿಂದ ಜಾರಿಯಲ್ಲಿದೆ. ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕ ಕೊಳ್ಳುವವರೂ ಇದನ್ನು ನೋಡಿಕೊಳ್ಳಿ.

ದುಡ್ಡಿನ ಲೆಕ್ಕ: ಸರ್‌ಗೆ ತಿಂಗಳಿಗೆ 6 ಸಾವಿರ, ಐದು ತಿಂಗಳು. ಆ್ಯಪ್‌ಗಿಂತ 8 ಸಾವಿರ ಕಮ್ಮಿ. ಈಗ ಮೊದಲಿನಿಂದ ಶುರು ಮಾಡುವುದಾದರೆ ನ್ಯಾವಿಗೇಷನ್, ಮೆಟ್ ಎರಡಕ್ಕೆ ಇಂಥ ಒಬ್ಬರನ್ನು ಹುಡುಕಿಕೊಳ್ಳುತ್ತೇನೆ, ಟೆಕ್ನಿಕಲ್ ಜನರಲ್‌ಗೆ ಮಾತ್ರ ಯಾವುದಾದರೂ ಬಿಡಿ ಕೋರ್ಸ್, ರೆಗ್ಯುಲೇಷನ್ಸ್ ಸ್ವಂತ ಓದು. ಟೆಕ್ನಿಕಲ್ ಸ್ಪೆಸಿಫಿಕ್ ಯಾವ ವಿಮಾನದಲ್ಲಿ ಕಲಿಯುತ್ತೀರೋ ಅದರ ಮೇಲೆ ನಿಂತಿದೆ, ಅದನ್ನು ಮುಂದಕ್ಕೆ ಇಟ್ಟಿದ್ದೇನೆ. ಇನ್ನೊಂದು ಮಾತು: ಯಾವ ದಾರಿ ಹಿಡಿದರೂ ಪರೀಕ್ಷೆ ನಡೆಸುವ ವಿಮಾನಯಾನ ಇಲಾಖೆ ಡಿಜಿಸಿಎಯ ಕಂಪ್ಯೂಟರ್ ನಂಬರ್‌ಗೆ (ಅಭ್ಯರ್ಥಿಯ ನೋಂದಣಿ ಸಂಖ್ಯೆ) ಮೊದಲ ದಿನವೇ ಅರ್ಜಿ ಹಾಕಿ. ಅದಿಲ್ಲದೆ ಪರೀಕ್ಷೆಗೆ ಕೂರಲು ಆಗದು.

ಇನ್ನು ರೇಡಿಯೊ ಪರೀಕ್ಷೆ ಆರ್‌ಟಿಆರ್ ಬಾಕಿ. ಅದಕ್ಕೆ ಬಾಯಿ ಓಡಬೇಕು, ನನ್ನ ಹತ್ತಿರ ಕೂತು ಏನು ಮಾಡ್ತೀ ಅಂತ ಸರ್ ಕೈಬಿಟ್ಟರು. ಹಾಗಾಗಿ ಪಿಜಿ ಟೆರೇಸ್‌ನಲ್ಲಿ ರೂಮ್‌ಮೇಟ್ ಟವರ್, ನಾನು ವಿಮಾನ. ಫೀಸು ದಿನಕ್ಕೊಂದು ಎಗ್ ರೈಸ್. ಮೊನ್ನೆ ರಾತ್ರಿ ಮೂರು ಸಲ "ಮೇಡೇ" ಅಂತ ಅಪಾಯದ ಕರೆ ಕೂಗಿದ್ದಕ್ಕೆ ಓನರ್ ಆಂಟಿ ಮೇಲೆ ಬಂದು, ಏನಪ್ಪಾ ಹುಷಾರಿಲ್ವಾ ಅಂತ ಕೇಳಿ ಹೋದರು.