ಹಾರುವ ಓತಿ ಗ್ಯಾರಂಟಿ ತೋರಿಸುತ್ತೇನೆ ಅನ್ನುವವರಿಗೆ ದುಡ್ಡು ಹಾಕುವ ಮೊದಲು ಇದನ್ನು ಓದಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರು ಹೀಗೆ ಮೋಸ ಹೋಗಬಾರದು.

ಹೋದ ಭಾನುವಾರ ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟಕ್ಕೆ ಹಾರುವ ಓತಿಯ ಫೋಟೋ ತೆಗೆಯಲು ಹೋಗಿದ್ದೆ. ಕರೆದುಕೊಂಡು ಹೋದವನು ಎರಡು ದಿನಕ್ಕೆ 6 ಸಾವಿರ ಹೇಳಿ, ಅಷ್ಟನ್ನೂ ಮೊದಲೇ ಫೋನ್‌ಪೇ ಮಾಡಿಸಿಕೊಂಡ. ಕಾಡುಜೀವಿ ಸಿಕ್ಕೇ ಸಿಗುತ್ತದೆ ಅಂತ ಯಾರೂ ಹೇಳೋಕಾಗಲ್ಲ ಅಲ್ವಾ? ಇವನು "ಗ್ಯಾರಂಟಿ ಸಾರ್" ಅಂದ. ಅಲ್ಲೇ ಅನುಮಾನ ಬರಬೇಕಿತ್ತು.

ತೋಟಕ್ಕೆ ಕಾಲಿಟ್ಟು ಹತ್ತು ನಿಮಿಷ ಆಗಿಲ್ಲ, ನನ್ನ ಎದೆಮಟ್ಟದಲ್ಲೇ ಗಂಡು ಓತಿ. ನಾವು ಹತ್ತಿರ ಹೋದರೆ ಅದು ಕಾಂಡದ ಆಚೆ ಮಗ್ಗುಲಿಗೆ ಸರಿದು ಸರಸರ ಮೇಲೆ ಹತ್ತಬೇಕು. ಗಂಟಲ ಕೆಳಗಿನ ಹಳದಿ ಚೀಲವನ್ನು ಆಗಾಗ ಬಿಚ್ಚಿ ಮುಚ್ಚಬೇಕು. ಇದು ಒಂದು ಸಲವೂ ಬಿಚ್ಚಲಿಲ್ಲ. ಇರುವೆಯೇ ಅದರ ಊಟ, ಮೂತಿಯ ಮುಂದೆಯೇ ಇರುವೆ ಸಾಲು ಹೋಗುತ್ತಿದ್ದರೂ ನಾಲಿಗೆ ಚಾಚಲಿಲ್ಲ. ಅರ್ಧ ಗಂಟೆ! ನಾನು ಖುಷಿಯಲ್ಲಿ ಫೋಟೋ ಹೊಡೆಯುತ್ತಲೇ ಇದ್ದೆ.

ರಾತ್ರಿ ಮನೆಗೆ ಕಳಿಸಿದೆ. ಮಗಳು ಕೇಳಿದಳು, "ಅಪ್ಪಾ, ಇಷ್ಟು ಹತ್ರ ಹೋದ್ರೂ ಹಾರ್ಲಿಲ್ವಾ?" ಆಗ ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ನೋಡಿದೆ. ಹಿಂಗಾಲಿಗೆ ನೈಲಾನ್ ದಾರ. ದಾರ ಬಿಗಿದ ಕಡೆ ಚರ್ಮ ಊದಿಕೊಂಡಿತ್ತು. ಇನ್ನೊಂದು ತುದಿ ಕಲ್ಲುಹೂವಿನ ಮರೆಯಲ್ಲಿ ಹೊಡೆದ ಸಣ್ಣ ಮೊಳೆಗೆ. ಪಕ್ಕೆಲುಬು ಬಿಡಿಸಿ, ಅದರ ಮೇಲಿನ ಚರ್ಮವನ್ನೇ ರೆಕ್ಕೆ ಮಾಡಿಕೊಂಡು ಮರದಿಂದ ಮರಕ್ಕೆ ತೇಲುವ ಜೀವವನ್ನು ಮೊಳೆಗೆ ಕಟ್ಟಿದ್ದಾರೆ, ನಾನು ಅದರ ಮುಂದೆ ಮಂಡಿಯೂರಿ ಕೂತಿದ್ದೆ! ಕೈ ನಡುಗಿತು.

ತಕ್ಷಣ ಫೋನ್ ಮಾಡಿದೆ.

"ಫೋಟೋ ಚೆನ್ನಾಗ್ ಬಂತಲ್ಲ ಸಾರ್, ಇನ್ನೇನು?"

"ಕಾಲಿಗೆ ದಾರ ಕಟ್ಟಿದ್ದೀರಲ್ರೀ!"

"ಅದಕ್ಕೇನೂ ಆಗಲ್ಲ ಸಾರ್. ಎಲ್ರಿಗೂ ಹೀಗೇ ಮಾಡೋದು, ಯಾರೂ ಕೇಳಿಲ್ಲ."

"ಈಗಲಾದ್ರೂ ಬಿಟ್ಟಿದ್ದೀರಾ?"

"ನಾಳೆ ಇನ್ನೊಂದು ಪಾರ್ಟಿ ಬರ್ತಿದೆ, ಆಮೇಲೆ ಬಿಡ್ತೀನಿ."

ಈ ಮಾತು ಇನ್ನೂ ಕಿವಿಯಲ್ಲೇ ಇದೆ. ಎರಡನೇ ದಿನದ ದುಡ್ಡು ಕೇಳಿದ್ದಕ್ಕೆ "ನೀವ್ ಬರಲ್ಲ ಅಂದ್ರೆ ನಾನೇನ್ ಮಾಡ್ಲಿ" ಅಂದು ಫೋನ್ ಇಟ್ಟ, ನಂಬರ್ ಬ್ಲಾಕ್ ಮಾಡಿದ. ದುಡ್ಡು ಹೋಗಲಿ. ಬೆಳಕು ಹರಿಯುವಾಗಲೇ ಒಬ್ಬನೇ ತೋಟಕ್ಕೆ ಹೋದೆ. ಮರದಲ್ಲಿ ಮೊಳೆ ಇತ್ತು, ಓತಿ ಇರಲಿಲ್ಲ. ತೋಟದ ಯಜಮಾನರಿಗೆ ಮೊಳೆ ತೋರಿಸಿದೆ. ಅವರಿಗೆ ಇದ್ಯಾವುದೂ ಗೊತ್ತೇ ಇರಲಿಲ್ಲ, ಪಾಪ.

ಗ್ಯಾರಂಟಿ ಅನ್ನುವವರನ್ನು ನಂಬಬೇಡಿ. ತೋಟದವರನ್ನೇ ಕೇಳಿಕೊಂಡು, ಬೆಳಗಿನ ಬಿಸಿಲಲ್ಲಿ ಸುಮ್ನೆ ಕೂತು ತಲೆ ಎತ್ತಿ ನೋಡಿ. ಸಿಕ್ಕರೆ ಸಿಕ್ಕಿತು. ಎಷ್ಟು ಹತ್ತಿರ ಹೋದರೂ ಕದಲದ ಓತಿ ಕಂಡರೆ, ಕ್ಯಾಮೆರಾ ಎತ್ತುವ ಮೊದಲು ಅದರ ಹಿಂಗಾಲು ನೋಡಿ.