ಇಂಕಾ ದಾರಿಯ ನಾಲ್ಕು ದಿನಗಳ ಚಾರಣ: ಬಾದಾಮಿಯ ಕಲ್ಲು ಬಲ್ಲವರಿಗಾಗಿ ಒಂದು ವಿಮರ್ಶೆ

ಪೆರು ದೇಶದಲ್ಲಿ ಇಂಕಾ ಜನರು ಬೆಟ್ಟದ ಮೇಲೆ ಕಟ್ಟಿದ ಹಳೆಯ ಕಲ್ಲಿನ ಊರಾದ ಮಾಚು ಪಿಚುವನ್ನು ರೈಲಿನಲ್ಲಿ ಹೋಗಿ ನೋಡಿ ಅದೇ ದಿನ ಮರಳಬಹುದು. ಆದರೆ ಬಾದಾಮಿ, ಐಹೊಳೆಗಳ ಕಲ್ಲಿನ ನಡುವೆ ಬೆಳೆದ ನಮ್ಮ ಬಾಗಲಕೋಟೆ ಜಿಲ್ಲೆಯವರು ಅಷ್ಟು ದೂರ ಹೋಗುವುದಾದರೆ ಸುಮಾರು 43 ಕಿಲೋಮೀಟರ್ ಉದ್ದದ ಇಂಕಾ ದಾರಿಯನ್ನು ನಡೆದೇ ಅಲ್ಲಿಗೆ ತಲುಪಬೇಕೆಂದು ನನಗೆ ಖಚಿತವಾಗಿ ಅನಿಸಿದೆ. ಈ ದಾರಿಯಲ್ಲಿ ತಾವಾಗಿಯೇ ನಡೆಯಲು ಅನುಮತಿಯಿಲ್ಲ. ಮಾರ್ಗದರ್ಶಕರು, ಹೊರೆಯಾಳುಗಳೂ ಸೇರಿ ದಿನಕ್ಕೆ 500 ಜನರಿಗೆ ಮಾತ್ರ ಪ್ರವೇಶವಿರುವುದರಿಂದ, ಪರವಾನಗಿ ಪಡೆದ ಸಂಸ್ಥೆಯ ಮೂಲಕ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಫೆಬ್ರುವರಿಯಲ್ಲಿ ದುರಸ್ತಿಗೆಂದು ದಾರಿ ಮುಚ್ಚಿರುತ್ತದೆ. ನಾನು ಹೋದದ್ದು ಕುಸ್ಕೋ ನಗರದ ಸಂಸ್ಥೆಯೊಂದರ ಮೂಲಕ.

ಕೊಟ್ಟ ಹಣಕ್ಕೆ ನಿಜವಾದ ಬೆಲೆ ದೊರೆತದ್ದು ಮಾರ್ಗದರ್ಶಕರಿಂದ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸುವ ಕೌಶಲವನ್ನು ಕ್ರಿ.ಶ. 634ರ ಐಹೊಳೆಯ ಮೇಗುತಿ ಬಸದಿಯಲ್ಲಿಯೇ ಕಂಡವರಿಗೆ ಗೋಡೆಯ ಹೊರಮೈಯನ್ನಷ್ಟೇ ತೋರಿಸಿದರೆ ಸಾಲದು. ನಮ್ಮ ಮಾರ್ಗದರ್ಶಕರು ನೆಲದ ಒಳಗಿನ ಕೆಲಸವನ್ನು ವಿವರಿಸಿದರು. ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ ಸುರಿಯುವ ಕಡಿದಾದ ಬೆಟ್ಟದ ಮೇಲೆ 15ನೇ ಶತಮಾನದಲ್ಲಿ ಕಟ್ಟಿದ ಮಾಚು ಪಿಚು ಜಾರಿಹೋಗದೆ ನಿಂತಿರುವುದು ಬಸಿಗಾಲುವೆಗಳಿಂದ. ಮೆಟ್ಟಿಲು ಹೊಲಗಳ ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮರಳು, ಕೊನೆಗೆ ಫಲವತ್ತಾದ ಮಣ್ಣು. ನಡುವಿನ ಬಯಲಿನ ಕೆಳಗೆ ಗ್ರಾನೈಟ್ ಕೆತ್ತುವಾಗ ಉದುರಿದ ಚೂರುಗಳನ್ನೇ ಹಾಸಿದ್ದಾರೆ. ಬೆಟ್ಟದ ಒರತೆಯ ನೀರನ್ನು ಕಾಲುವೆಯಲ್ಲಿ ತಂದು ಒಂದರ ಕೆಳಗೊಂದರಂತೆ 16 ಕಾರಂಜಿಗಳಿಗೆ ಹರಿಸಿದ್ದಾರೆ. ಅಷ್ಟು ಮಳೆಯ ಮೂರನೇ ಒಂದು ಭಾಗವನ್ನೂ ಕಾಣದ ನಮ್ಮ ಸೀಮೆಯವನಾದ ನನಗೆ, ನೀರನ್ನು ಹೊರಗೆ ಕಳಿಸುವುದೂ ಇಷ್ಟು ದೊಡ್ಡ ವಿದ್ಯೆಯೆಂಬುದು ಅಲ್ಲಿಯೇ ಮನದಟ್ಟಾಯಿತು.

ಎರಡನೆಯ ದಿನದ ಏರು ಕಠಿಣ. ವಾರ್ಮಿವಾನುಸ್ಕ ಕಣಿವೆಮಾರ್ಗ 4,215 ಮೀಟರ್ ಎತ್ತರದಲ್ಲಿದೆ. ನಮ್ಮ ಬಯಲಿನಿಂದ ಹೋಗುವವರು 3,400 ಮೀಟರ್ ಎತ್ತರದ ಕುಸ್ಕೋದಲ್ಲಿ ಎರಡು ಮೂರು ದಿನವಾದರೂ ತಂಗಿ ದೇಹವನ್ನು ಒಗ್ಗಿಸಿಕೊಂಡೇ ಹೊರಡಬೇಕು. ಡೇರೆಗಳು ಬೆಚ್ಚಗಿದ್ದವು. ಸಸ್ಯಾಹಾರವೆಂದು ಮೊದಲೇ ತಿಳಿಸಿದ್ದರಿಂದ ಕಿನೋವಾ ಸಾರು, ಆಲೂಗಡ್ಡೆ, ಗೋವಿನಜೋಳ ತಪ್ಪದೆ ಸಿಕ್ಕವು, ಆದರೂ ಜೊತೆಗೊಯ್ದ ಶೇಂಗಾ ಚಟ್ನಿಪುಡಿ ಬಹಳ ಉಪಕಾರ ಮಾಡಿತು. ಹೊರೆ ಮಿತಿ ಮೀರದಂತೆ ಹೊರೆಯಾಳುಗಳ ಗಂಟುಗಳನ್ನು ಪ್ರವೇಶದ್ವಾರದಲ್ಲಿಯೇ ತೂಗಿ ಒಳಗೆ ಬಿಡುತ್ತಾರೆ. ಈ ವ್ಯವಸ್ಥೆಯನ್ನು ಮನಸಾರೆ ಮೆಚ್ಚುತ್ತೇನೆ.

ನನ್ನ ಆಕ್ಷೇಪಣೆ ಒಂದೇ, ಆದರೆ ಅದು ಸಣ್ಣದಲ್ಲ. ಮಾಚು ಪಿಚುವಿಗಿಂತ ಮೊದಲು ಸಿಗುವ ವಿನ್ಯಾಯ್ ವೈನಾ, ಬೆಟ್ಟದ ಬಾಗಿಗೆ ತಕ್ಕಂತೆ ಬಳಸಿ ಇಳಿಯುವ ಹೊಲಗಳೂ ಸಾಲು ಕಾರಂಜಿಗಳೂ ಇರುವ ಅಪರೂಪದ ತಾಣ. ಅಲ್ಲಿಗೆ ನಮ್ಮನ್ನು ಕರೆದೊಯ್ದದ್ದು ಕತ್ತಲಾಗುವ ಹೊತ್ತಿಗೆ. ಮರುದಿನ ನಸುಕಿನಲ್ಲಿಯೇ ತಪಾಸಣೆಯ ಸಾಲಿನಲ್ಲಿ ನಿಲ್ಲಬೇಕಾದ್ದರಿಂದ ಮತ್ತೆ ನೋಡಲು ಅವಕಾಶವಾಗಲಿಲ್ಲ. ಮೂರನೆಯ ದಿನದ ಊಟದ ಬಿಡುವನ್ನು ತುಸು ಕಡಿಮೆ ಮಾಡಿದ್ದರೆ ಬೆಳಕಿರುವಾಗಲೇ ತಲುಪಬಹುದಿತ್ತು. ಮಾಚು ಪಿಚುವಿನೊಳಗೆ ನಿಗದಿತ ಸುತ್ತಿನಲ್ಲಿಯೇ ನಡೆಯಬೇಕು, ಹಿಂದಕ್ಕೆ ಬರುವಂತಿಲ್ಲ. ಆದ್ದರಿಂದ ಮುಂಗಡ ಕೊಡುವ ಮೊದಲೇ, ವಿನ್ಯಾಯ್ ವೈನಾಕ್ಕೆ ಎಷ್ಟು ಹೊತ್ತಿಗೆ ತಲುಪಿಸುತ್ತಾರೆ, ಮಾಚು ಪಿಚುವಿನ ಯಾವ ಸುತ್ತಿಗೆ ಚೀಟಿ ಕೊಡುತ್ತಾರೆ ಎಂಬ ಎರಡನ್ನೂ ಸಂಸ್ಥೆಯಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿರಿ.